ನಡುವೆ ಜಾಗ ಬಿಡದ ಪರದೆ

ಈ ಸಲ ಯುಗಾದಿಗೆ ನಮ್ಮ ನಡುಮನೆಯ ಮೂರು ಗೋಡೆಗೆ ಮಾತ್ರ ಸುಣ್ಣ ಹೊಡೆಸಿದೆವು. ಎಡಗಡೆಯ ಗೋಡೆಗೆ ಕುಂಚ ಮುಟ್ಟಿಸಬಾರದೆಂದು ನಾನೇ ಅಡ್ಡ ನಿಂತೆ. ನನ್ನ ಹೆಂಡತಿ ಹಬ್ಬದ ದಿನವೂ ಮುಖ ಊದಿಸಿಕೊಂಡು ಓಡಾಡಿದಳು. ಮನೆಗೆ ಬಂದವರೆಲ್ಲ ಯಾಕೆ ಎಂದು ಕೇಳುತ್ತಾರೆ. ನಾನು ಬಂದವರಿಗೆಲ್ಲ ಹೇಳುತ್ತೇನೆ. ಎಷ್ಟು ಹೇಳಿದರೂ ನನಗೆ ಸಾಕಾಗುತ್ತಿಲ್ಲ. ನಮ್ಮ ಅಳಿಯಂದಿರು ನಗುತ್ತ, ಹೀಗೆ ಒಬ್ಬೊಬ್ಬರಿಗೆ ಹೇಳುವ ಬದಲು ಬರೆದಿಟ್ಟುಬಿಡಿ ಎಂದರು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಬರೆದಿರುವುದೆಲ್ಲ ಲಾರಿಗಳ ಬೆನ್ನಿನ ಮೇಲೆ, ಅಂಗಡಿಗಳ ಬೋರ್ಡಿನ ಮೇಲೆ. ಕಾಗದದಲ್ಲಿ ಬರೆಯಲು ಕೂತರೆ ಅಕ್ಷರ ಬೋರ್ಡಿನ ಅಳತೆಗೇ ಬೆಳೆದುಬಿಡುತ್ತವೆ. ಆದರೂ ಬರೆಯುತ್ತೇನೆ, ಇಷ್ಟು ಸಂತೋಷವನ್ನು ಒಳಗೇ ಇಟ್ಟುಕೊಳ್ಳಲು ನನ್ನಿಂದ ಆಗದು. ಗೋಡೆಯ ವಿಷಯ ಕೊನೆಗೆ ಬರುತ್ತದೆ. ಮೊದಲು ಎರಡು ಪರದೆಗಳ ವಿಷಯ ಹೇಳಬೇಕು.

ನಾನಿರುವುದು ಅಜ್ಜಂಪುರದಲ್ಲಿ. ನಾಟಕ ಕಂಪನಿಗಳಿಗೆ ಪರದೆ ಬರೆಯುವುದು ನನ್ನ ಕಸುಬು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕಂಪನಿಗಳು ಒಂದೊಂದಾಗಿ ಮುಚ್ಚಿಹೋಗಿ, ನಾನು ಬೋರ್ಡು ಬರೆದುಕೊಂಡಿದ್ದೆ. ಆಗ ಒಂದು ಶನಿವಾರ ನಮ್ಮ ಅಳಿಯಂದಿರು ಕಡೂರಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದಿಳಿದರು. ಕಂಕುಳಲ್ಲಿ ಎರಡು ರಟ್ಟುಗಳಿದ್ದವು.

ಅವರು ಕಡೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನಮ್ಮ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ನಮ್ಮಲ್ಲೇ ಇದ್ದಳು. ಹೆಂಡತಿಯನ್ನು ನೋಡಿ ಹೋಗಲು ಬಂದಿದ್ದಾರೆ ಎಂದುಕೊಂಡೆವು. ಊಟ ಆದ ಮೇಲೆ ವಿಷಯ ಹೊರಬಂತು. ಶಾಲೆಯ ಕಮಿಟಿಯವರಿಗೆ ಡ್ರಾಯಿಂಗ್ ಪೀರಿಯಡ್ಡು ದಂಡ ಅನ್ನಿಸಿದೆ, ಮುಂದಿನ ವರ್ಷದಿಂದ ತೆಗೆದುಬಿಡುವ ಮಾತು ನಡೆದಿದೆ. ಡ್ರಾಯಿಂಗ್ ಹೋದರೆ ಡ್ರಾಯಿಂಗ್ ಮೇಷ್ಟ್ರೂ ಹೋದ ಹಾಗೆಯೇ. ಕಮಿಟಿಯ ಸೆಕ್ರೆಟರಿ ಕೊಬ್ಬರಿ ಮಂಡಿ ಇಟ್ಟುಕೊಂಡ ಸಾಹುಕಾರರು. ಒರಟರು, ಆದರೆ ಮಾತು ಕೇಳುವ ಮನುಷ್ಯ. ವಾರ್ಷಿಕೋತ್ಸವದ ದಿನ ಚಿತ್ರ ಎಂದರೆ ಏನೆಂದು ನಮ್ಮಂಥವರಿಗೂ ತಿಳಿಯುವ ಹಾಗೆ ತೋರಿಸಿ, ಆಮೇಲೆ ನೋಡೋಣ ಎಂದಿದ್ದರಂತೆ. ಅಳಿಯಂದಿರ ಕೆಲಸ ಆ ಒಂದು ದಿನದ ಮೇಲೆ ನಿಂತಿತ್ತು. ಅತ್ತ ಮಗಳಿಗೆ ದಿನ ತುಂಬುತ್ತಿದ್ದವು.

ರಟ್ಟುಗಳ ಮೇಲೆ ಯುರೋಪಿನ ಎರಡು ದೊಡ್ಡ ಚಿತ್ರಗಳ ಅಚ್ಚನ್ನು ಅಂಟಿಸಿದ್ದರು. ಬರೆದವರ ಹೆಸರು ಹೇಳಿದರು, ನನ್ನ ನಾಲಿಗೆಗೆ ಹತ್ತಲಿಲ್ಲ. ಒಂದರಲ್ಲಿ ಯುದ್ಧಕ್ಕೆ ಹೊರಟ ಮೂವರು ಅಣ್ಣತಮ್ಮಂದಿರು ಕೈ ಮುಂದೆ ಚಾಚಿ ಆಣೆ ಮಾಡುತ್ತಿದ್ದಾರೆ. ಎದುರಿಗೆ ಅವರ ಅಪ್ಪ ಮೂರು ಕತ್ತಿಗಳನ್ನು ಎತ್ತಿ ಹಿಡಿದಿದ್ದಾನೆ. ಬಲಗಡೆ ಹೆಂಗಸರು ಕುಸಿದು ಕೂತಿದ್ದಾರೆ. ಹಿಂದೆ ಮೂರು ಕಮಾನು. ಇನ್ನೊಂದರಲ್ಲಿ ಸಮುದ್ರದ ನಡುವೆ ಒಂದು ಮುರುಕಲು ತೆಪ್ಪ. ಹಡಗು ಹಾಳಾಗಿ ಉಳಿದ ಜನ ಅದರ ಮೇಲೆ. ಸತ್ತವರು, ಸಾಯುತ್ತಿರುವವರು, ಎಲ್ಲರಿಗಿಂತ ಮೇಲೇರಿ ಬಟ್ಟೆ ಬೀಸುತ್ತಿರುವ ಒಬ್ಬ. ದೂರದಲ್ಲಿ ಸಾಸಿವೆಯಷ್ಟು ಒಂದು ಹಡಗು.

ಅಳಿಯಂದಿರು ನನಗೆ ವಿವರಿಸಿದರು. ಮೊದಲನೆಯದು ನಿಯೋಕ್ಲಾಸಿಕಲ್. ಹಳೇ ಗ್ರೀಸು, ರೋಮಿನವರ ಕಲ್ಲಿನ ಕೆಲಸ ನೋಡಿ, ಹಾಗೇ ನೆಟ್ಟಗೆ, ಅಚ್ಚುಕಟ್ಟಾಗಿ ಇರಬೇಕು ಎಂದವರದು. ಗೆರೆ ಮುಖ್ಯ, ಕರ್ತವ್ಯ ಮುಖ್ಯ. ಎರಡನೆಯದು ರೊಮ್ಯಾಂಟಿಕ್. ಅದು ಆಮೇಲೆ ಬಂದವರದು. ಅವರಿಗೆ ಬಿರುಗಾಳಿ, ಭಯ, ಆಸೆ, ಬಣ್ಣ ಮುಖ್ಯ. ಪ್ರಕೃತಿಯ ಮುಂದೆ ಮನುಷ್ಯ ಎಷ್ಟು ಚಿಕ್ಕವನು ಅನ್ನೋದು ಮುಖ್ಯ. ಇವೆರಡನ್ನೂ ಪರದೆಯಷ್ಟು ದೊಡ್ಡದಾಗಿ ಬರೆದು ಪಕ್ಕಪಕ್ಕ ತೂಗುಹಾಕಿದರೆ, ಅದೇ ಬಣ್ಣ, ಅದೇ ಬಟ್ಟೆಯಲ್ಲಿ ಜನ ಎರಡು ಬಗೆಯಾಗಿ ಯೋಚಿಸಬಹುದು ಅನ್ನೋದನ್ನು ಯಾರಿಗಾದರೂ ತೋರಿಸಬಹುದು ಎಂದರು.

ನಾನು ಒಪ್ಪಿದೆ. ಸ್ಟೇಷನ್ ಹತ್ತಿರ ಒಂದು ಖಾಲಿ ಗೋಡೌನು ಸಿಕ್ಕಿತು. ದಪ್ಪ ಕಾಡಾ ಬಟ್ಟೆ ಹೊಲಿಸಿ, ಹುಣಸೆಬೀಜದ ಗಂಜಿ ಹಾಕಿ ಬಿಗಿಯಾಗಿ ಎಳೆದು ಒಣಗಿಸಿದೆ. ಬಣ್ಣದ ಪುಡಿಗೆ ಬಡಗಿಗಳು ಬಳಸುವ ವಜ್ರದ ಅಂಟನ್ನು ಕಾಯಿಸಿ ಬೆರೆಸುವುದು ನಮ್ಮ ಪದ್ಧತಿ. ಹಸಿಯಾಗಿದ್ದಾಗ ಕಪ್ಪಗೆ ಕಾಣುವ ಬಣ್ಣ ಒಣಗಿದ ಮೇಲೆ ಬಿಳುಚಿಕೊಳ್ಳುತ್ತದೆ. ಹಾಗಾಗಿ ಕಣ್ಣಿಗೆ ಕಂಡದ್ದನ್ನು ನಂಬದೆ, ನಾಳೆ ಕಾಣುವುದನ್ನು ಅಂದಾಜು ಮಾಡಿ ಹಚ್ಚಬೇಕು. ಅಂಟು ಹೆಚ್ಚಾದರೆ ಸುತ್ತುವಾಗ ಬಿರುಕು, ಕಡಿಮೆಯಾದರೆ ಮುಟ್ಟಿದವರ ಕೈಗೆಲ್ಲ ಬಣ್ಣ.

ಅಣ್ಣತಮ್ಮಂದಿರ ಪರದೆ ನನ್ನ ಕೈಗೆ ತಾನಾಗಿ ಬಂತು. ಅಚ್ಚಿನ ಮೇಲೆ ಚೌಕ ಹಾಕಿ, ಕಾವಿಯಲ್ಲಿ ಅದ್ದಿದ ದಾರವನ್ನು ಬಟ್ಟೆಯ ಮೇಲೆ ಬಿಗಿಹಿಡಿದು ಮೀಟಿ, ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆದೆ. ನೆಲದ ಚಪ್ಪಡಿ, ಕಮಾನಿನ ಕಂಬ, ಚಾಚಿದ ಕೈಗಳು, ಎಲ್ಲವೂ ದಾರದ ಮಾತು ಕೇಳುವಂಥವೇ. ಗೆರೆಗಳೆಲ್ಲ ಓಡಿಹೋಗಿ ಕತ್ತಿ ಹಿಡಿದ ಕೈಯ ಹತ್ತಿರ ಸೇರುತ್ತಿದ್ದವು. ನಮ್ಮ ಪರದೆ ಅಚ್ಚಿಗಿಂತ ಅಡ್ಡಕ್ಕೆ ಅಗಲ, ಆ ಹೆಚ್ಚುವರಿ ಜಾಗಕ್ಕೆ ಎರಡೂ ಕಡೆ ಗೋಡೆ ಬೆಳೆಸಿದೆ. ನೋಡಿದರೆ ನಮ್ಮ ದರ್ಬಾರಿನ ಪರದೆಯ ಅಣ್ಣನ ಹಾಗಿತ್ತು. ನಾಂದಿ ಹಾಡಲು ನಿಂತ ಪಾತ್ರಧಾರಿಗಳಂತೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ನನ್ನ ಹೆಂಡತಿ ಬುತ್ತಿ ತಂದವಳು ನಿಂತು ನೋಡಿ, ಗಂಡಸರ ಮೈಯೆಲ್ಲ ನೆಟ್ಟಗೆ ಬರೆದವನು ಹೆಂಗಸರ ಮೈಯನ್ನು ಮಾತ್ರ ಯಾಕೆ ಬಗ್ಗಿಸಿದ್ದಾನೆ ಎಂದು ಕೇಳಿದಳು. ಅಳಿಯಂದಿರು ಅದನ್ನು ತಮ್ಮ ಭಾಷಣಕ್ಕೆ ಬರೆದುಕೊಂಡರು.

ತೆಪ್ಪದ ಪರದೆಯನ್ನೂ ಅದೇ ಹುಮ್ಮಸ್ಸಿನಲ್ಲಿ ಹಿಡಿದೆ. ಅದೇ ಚೌಕ, ಅದೇ ದಾರ. ಜನರೆಲ್ಲ ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಗೊಂದಲವಾಗಿದ್ದರು, ನಾನು ಸ್ವಲ್ಪ ಬಿಡಿಸಿ ಕೂರಿಸಿದೆ. ಒಬ್ಬ ಮುದುಕ ಮಡಿಲಲ್ಲಿ ಸತ್ತ ಮಗನನ್ನು ಇಟ್ಟುಕೊಂಡು ಹಡಗಿಗೆ ಬೆನ್ನು ಮಾಡಿ ಎಡಗಡೆಗೆ ನೋಡುತ್ತ ಕೂತಿದ್ದ. ಎಲ್ಲರೂ ಹಡಗು ನೋಡುತ್ತಿರುವಾಗ ಇವನೊಬ್ಬ ಹೀಗೆ ಕೂತರೆ ನೋಡುವವರ ಕಣ್ಣು ಚೆದುರುತ್ತದೆ ಎಂದು ಅವನನ್ನೂ ಹಡಗಿನ ಕಡೆಗೆ ತಿರುಗಿಸಿದೆ. ಮುಗಿಸಿ ತೂಗುಹಾಕಿ ನೋಡಿದರೆ, ಚಿತ್ರ ಸರಿಯಾಗಿತ್ತು. ಸರಿಯಾಗಿತ್ತು, ಆದರೆ ಯಾರಿಗೂ ಅಪಾಯವೇ ಇರಲಿಲ್ಲ. ಜಾತ್ರೆಗೆ ಹೊರಟವರು ಗಾಡಿ ಮುರಿದು ದಾರಿಯಲ್ಲಿ ಕೂತ ಹಾಗೆ ಕಾಣುತ್ತಿದ್ದರು. ಅಳಿಯಂದಿರು ಬಂದು ಹಿಂದೆ ಸರಿದು ನೋಡಿದರು, ಮುಂದೆ ಬಂದು ನೋಡಿದರು. ಬಣ್ಣ ಚೆನ್ನಾಗಿದೆ ಎಂದರು.

ತಪ್ಪು ಏನೆಂದು ಹಿಡಿದವಳು ನನ್ನ ಹೆಂಡತಿ. ಅದೂ ತಪ್ಪು ಅಂತ ಹಿಡಿದಿದ್ದಲ್ಲ, ಮೆಚ್ಚಿಕೊಂಡು ಹೇಳಿದ್ದು.

"ರಾಜಾಪಾರ್ಟು ನಿಂತ್ಕಳಕೆ ನಡುವೆ ಚೆನ್ನಾಗಿ ಜಾಗ ಬಿಟ್ಟಿದೀರ ಕಣ್ರೀ. ಯಾರ್ ನಿಂತ್ಕತಾರೆ ಅಲ್ಲಿ?"

ನಾನು ಕೈಯಲ್ಲಿದ್ದ ಮುದ್ದೆಯನ್ನು ಹಾಗೇ ಬುತ್ತಿಗೆ ಇಟ್ಟೆ. ಪರದೆಯ ಕೆಲಸದಲ್ಲಿ ಮೊದಲು ಕಲಿಯುವುದೇ ಅದು. ನಡುವೆ ಏನೂ ಬರೆಯಬಾರದು, ಅಲ್ಲಿ ಪಾತ್ರ ಬಂದು ನಿಲ್ಲುತ್ತದೆ. ಮರ, ಕಂಬ, ಕಾರಂಜಿ ಏನಿದ್ದರೂ ಆಚೆ ಈಚೆ. ಹೆಚ್ಚುವರಿ ಅಗಲ ಸಿಕ್ಕ ಕೂಡಲೇ ನನ್ನ ಕೈ ನನ್ನನ್ನು ಕೇಳದೆ ಅದನ್ನು ತೆಪ್ಪದ ನಡುವಿಗೆ ತುಂಬಿಬಿಟ್ಟಿತ್ತು. ಜನರನ್ನು ಎರಡು ಗುಂಪು ಮಾಡಿ ಆಚೆ ಈಚೆ ಸರಿಸಿ, ಬಾರದ ರಾಜನಿಗಾಗಿ ಜಾಗ ಕಾಯ್ದಿರಿಸಿತ್ತು. ಅಣ್ಣತಮ್ಮಂದಿರ ಚಿತ್ರದಲ್ಲಿ ಅದು ತೊಂದರೆ ಕೊಟ್ಟಿರಲಿಲ್ಲ, ಅದನ್ನು ಬರೆದವನೇ ನಾಟಕದ ರಂಗದಂತೆ ಕಟ್ಟಿದ್ದ. ಈ ತೆಪ್ಪದಲ್ಲಿ ಎಡಮೂಲೆಯ ಹೆಣಗಳಿಂದ ಹಿಡಿದು ಬಲಮೂಲೆಯ ಬಟ್ಟೆ ಬೀಸುವವನವರೆಗೂ ಒಂದೇ ಅಲೆ ಏರಿ ಹೋಗುತ್ತದೆ. ನಾನು ಆ ಅಲೆಯನ್ನು ನಡುವೆ ಕತ್ತರಿಸಿದ್ದೆ.

ಅಳಿಯಂದಿರಿಗೆ ಹೇಳಿದೆ. ಮತ್ತೆ ಬರೆಯಬೇಕು ಎಂದೆ. ಅವರ ಮುಖ ಸಪ್ಪಗಾಯಿತು.

"ಬೇಡ ಮಾವ. ವಾರ್ಷಿಕೋತ್ಸವ ಹತ್ರ ಬಂತು. ಇದಾದ್ರೂ ಕೈಲಿದೆ. ಅವರಿಗೇನು ಗೊತ್ತಾಗುತ್ತೆ, ಇದೇ ಸಾಕು."

ಅವರು ಹೇಳಿದ್ದರಲ್ಲೂ ನ್ಯಾಯವಿತ್ತು. ಹೊಸ ಬಟ್ಟೆ ಇರಲಿಲ್ಲ. ಬರೆಯಬೇಕೆಂದರೆ ಇದನ್ನೇ ತೊಳೆಯಬೇಕು. ತೊಳೆದ ಮೇಲೆ ಆಗದೇ ಹೋದರೆ ಅಳಿಯಂದಿರು ಒಂದೇ ಪರದೆ ಇಟ್ಟುಕೊಂಡು ಯಾವುದರ ಜೊತೆ ಯಾವುದನ್ನು ಹೋಲಿಸುತ್ತಾರೆ? ಆಗಲಿ ಎಂದು ಸುಮ್ಮನಾದೆ.

ಎರಡು ದಿನ ಬಿಟ್ಟು ಬೆಳಗ್ಗೆ ಮಗಳಿಗೆ ನೋವು ಬಂತು. ಚೊಚ್ಚಲು, ತರೀಕೆರೆಗೇ ಕರೆದುಕೊಂಡು ಹೋಗುವುದು ಒಳ್ಳೆಯದು ಎಂದು ಸೂಲಗಿತ್ತಿ ಹೇಳಿದಳು. ವ್ಯಾನು ಮಾಡಿಕೊಂಡು ಆಸ್ಪತ್ರೆ ಸೇರಿಸಿದೆವು. ಕಡೂರಿಗೆ ಫೋನು ಮಾಡಿಸಿದ್ದರಿಂದ ಮಧ್ಯಾಹ್ನದ ಹೊತ್ತಿಗೆ ಅಳಿಯಂದಿರೂ ಬಸ್ಸಿನಲ್ಲಿ ಬಂದರು. ಹೆರಿಗೆ ಕೋಣೆಯ ಮುಂದಿನ ಜಗಲಿಯಲ್ಲಿ ನಮ್ಮ ಕಡೆಯವರು, ಬೇರೆ ಕಡೆಯವರು ಎಲ್ಲ ಸೇರಿ ಬೇಕಾದಷ್ಟು ಜನ. ಮೊದಮೊದಲು ಒಬ್ಬೊಬ್ಬರು ಒಂದೊಂದು ಕಡೆ ಕೂತಿದ್ದರು, ಒಬ್ಬರು ಎಲೆ ಅಡಿಕೆ ಹಾಕುತ್ತ, ಒಬ್ಬರು ಬಸ್ಸಿನ ವಿಷಯ ಮಾತಾಡುತ್ತ.

ಒಳಗಿನಿಂದ ಒಂದು ಕೂಗು ಕೇಳಿತು. ಮಗುವಿನದೋ ತಾಯಿಯದೋ ತಿಳಿಯದಂಥ ಕೂಗು. ಬಾಗಿಲು ಒಂದು ಬೆರಳಗಲ ತೆರೆಯಿತು. ಅಷ್ಟಕ್ಕೇ ಇಡೀ ಜಗಲಿ ಎದ್ದಿತು. ನನ್ನ ಹೆಂಡತಿ ಯಾರದೋ ಹೆಗಲ ಮೇಲೆ ಕೈಯೂರಿ ಮುಂದಕ್ಕೆ ಬಗ್ಗಿದಳು. ಅವಳ ಹಿಂದೆ ಅವಳ ತಂಗಿ, ತಂಗಿಯ ಸೆರಗು ಹಿಡಿದು ಇನ್ನೊಬ್ಬಾಕೆ. ಅಳಿಯಂದಿರು ಬೆಂಚಿನ ಮೇಲೆ ಒಂದು ಕಾಲಿಟ್ಟು ಎದ್ದಿದ್ದರು. ನಾನು ಎಲ್ಲರಿಗಿಂತ ಹಿಂದೆ ತುದಿಗಾಲಲ್ಲಿ. ಯಾರ ನಡುವೆಯೂ ಜಾಗವಿರಲಿಲ್ಲ. ಯಾರ ಕೈ ಯಾರದು, ಯಾರ ಭಾರ ಯಾರ ಮೇಲೆ ಎಂದು ಹೇಳುವ ಹಾಗಿರಲಿಲ್ಲ. ಎಲ್ಲ ಮೈಗಳೂ ಸೇರಿ ಒಂದೇ ಮೈಯಾಗಿ ಆ ಬೆರಳಗಲದ ಬೆಳಕಿನ ಕಡೆ ವಾಲಿದ್ದವು.

ಒಬ್ಬನೇ ಒಬ್ಬ ವಾಲಿರಲಿಲ್ಲ. ಕಂಬಕ್ಕೆ ಒರಗಿ, ಬಾಗಿಲಿಗೆ ಬೆನ್ನು ಮಾಡಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕೂತಿದ್ದ ಒಬ್ಬ ಮುದುಕ. ಯಗಟಿ ಕಡೆಯವನು, ಮಗಳನ್ನು ಈ ಸೀಮೆಗೆ ಕೊಟ್ಟಿದ್ದ ಎಂದು ಆಮೇಲೆ ತಿಳಿಯಿತು. ಅವನ ಮಗಳ ಮಗು ಅಂದು ಬೆಳಗ್ಗೆಯೇ ತೀರಿಕೊಂಡಿತ್ತು. ಮಗಳು ಇನ್ನೂ ಒಳಗಿದ್ದಳು.

ನಮ್ಮ ಬಾಗಿಲು ಪೂರ್ತಿ ತೆರೆಯಿತು. ಹೆಣ್ಣುಮಗು, ತಾಯಿ ಮಗು ಚೆನ್ನಾಗಿದ್ದಾರೆ ಎಂದರು. ನನಗೆ ಏನಾಯಿತೋ ಹೇಳಲಾರೆ. ಮಗಳು ಹುಟ್ಟಿದಾಗ ನಾನು ಯಾವುದೋ ಊರಿನಲ್ಲಿ ನಾಟಕ ಕಂಪನಿಯ ಕ್ಯಾಂಪಿನಲ್ಲಿದ್ದೆ, ಸುದ್ದಿ ಎಷ್ಟೋ ದಿನದ ಮೇಲೆ ಬಂದಿತ್ತು. ಈ ಸಲ ಕಣ್ಣೆದುರಿಗೇ ತಂದು ತೋರಿಸಿದರು. ಕೆಂಪಗೆ, ಮುಷ್ಟಿ ಬಿಗಿಹಿಡಿದು, ಇಡೀ ಲೋಕದ ಮೇಲೆ ಸಿಟ್ಟು ಮಾಡಿಕೊಂಡ ಮುಖ. ನಾನು ಓಡಿಹೋಗಿ ಕಲ್ಲುಸಕ್ಕರೆ ತಂದು ಕಂಡಕಂಡವರಿಗೆಲ್ಲ ಹಂಚಿದೆ, ಆಸ್ಪತ್ರೆಯ ಜಾಡಮಾಲಿಗೆ, ಬಸ್ಸಿಗೆ ಕಾಯುತ್ತಿದ್ದವರಿಗೆ. ಹಂಚುತ್ತ ಹಂಚುತ್ತ ಆ ಮುದುಕನ ಮುಂದೆ ಬಂದುಬಿಟ್ಟೆ. ಕೈ ಅಲ್ಲೇ ನಿಂತಿತು. ಅವನೇ ಕೈ ಚಾಚಿದ.

"ಕೊಡಪ್ಪ. ಏನ್ ಮಗ?"

"ಹೆಣ್ಣು ಯಜಮಾನ್ರೇ."

"ಒಳ್ಳೇದಾಗ್ಲಿ."

ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡ. ಆದರೂ ಬಾಗಿಲ ಕಡೆ ತಿರುಗಲಿಲ್ಲ. ಅವನನ್ನು ಈ ಕಡೆ ತಿರುಗಿ ಎಂದು ಹೇಳಲು ನಾನು ಯಾರು? ಪರದೆಯ ಮೇಲೆ ನಾನು ಮಾಡಿದ್ದು ಅದನ್ನೇ ಎಂದು ಆಗ ಹೊಳೆಯಿತು.

ಮಾರನೆಯ ದಿನ ನಾನೊಬ್ಬನೇ ಅಜ್ಜಂಪುರಕ್ಕೆ ಬಂದೆ. ಯಾರನ್ನೂ ಕೇಳಲಿಲ್ಲ. ಪರದೆ ಬಿಚ್ಚಿಕೊಂಡು, ಗೊತ್ತಿದ್ದವರ ತೆಂಗಿನ ತೋಟದ ಪಂಪ್‌ಸೆಟ್ಟಿನ ತೊಟ್ಟಿಗೆ ಹೋಗಿ ಮುಳುಗಿಸಿದೆ. ವಜ್ರದ ಬಣ್ಣ ನೀರು ಕಂಡರೆ ಬಿಟ್ಟುಕೊಡುತ್ತದೆ. ನೋಡನೋಡುತ್ತ ಕಾಲುವೆಯಲ್ಲಿ ನೀಲಿ ಕಂದು ಹರಿದು ತೆಂಗಿನ ಬುಡಕ್ಕೆ ಹೋಯಿತು. ಅಳಿಯಂದಿರ ಕೆಲಸದ ಅರ್ಧವನ್ನು ನಾನೇ ನೀರಿಗೆ ಬಿಟ್ಟಿದ್ದೆ.

ಒಣಗಿದ ಮೇಲೆ ಬಟ್ಟೆ ಬೆಳ್ಳಗಾಗಲಿಲ್ಲ. ಗಂಜಿಯ ಒಳಗೆ ಇಳಿದಿದ್ದ ಬಣ್ಣ ಉಳಿದು, ಎಲ್ಲಿ ನೋಡಿದರೂ ಕೆಸರಿನಂಥ ಕಂದು. ಮೊದಲು ತಲೆಯ ಮೇಲೆ ಕೈ ಹೊತ್ತು ಕೂತೆ. ಆಮೇಲೆ ಅಚ್ಚನ್ನು ಪಕ್ಕದಲ್ಲಿಟ್ಟು ನೋಡಿದರೆ, ಆ ಚಿತ್ರದ ಸಮುದ್ರವೂ ಇದೇ ಬಣ್ಣದ್ದು. ಅದನ್ನು ಬರೆದವನು ಬಿಳಿಯಿಂದ ಶುರು ಮಾಡಿ ಕಪ್ಪಿಗೆ ಹೋಗಿರಲಿಲ್ಲ, ಕತ್ತಲೆಯಿಂದ ಶುರು ಮಾಡಿ ಬೆಳಕನ್ನು ಹೊರತೆಗೆದಿದ್ದ. ಕೊಳೆಯನ್ನು ಹಾಗೇ ಬಿಟ್ಟೆ. ಮತ್ತೆ ಗಂಜಿ ಹಾಕಿದೆ. ದಾರವನ್ನು ಉಂಡೆ ಸುತ್ತಿ ಗೂಡಿನಲ್ಲಿಟ್ಟೆ. ಬಿದಿರ ಕೋಲಿಗೆ ಇದ್ದಿಲು ಕಟ್ಟಿಕೊಂಡು ಎಡಮೂಲೆಯಿಂದ ಬಲಮೂಲೆಯವರೆಗೆ, ಆ ಜಗಲಿ ಹೇಗೆ ಎದ್ದಿತ್ತೋ ಹಾಗೆ, ಒಂದೇ ಏಟಿಗೆ ಏರಿಸಿದೆ. ಹೆಚ್ಚಿದ ಅಗಲವನ್ನೆಲ್ಲ ಎರಡು ಅಂಚಿಗೆ, ಕತ್ತಲ ನೀರಿಗೆ ಬಿಟ್ಟುಕೊಟ್ಟೆ. ಮೈಗಳ ಮೇಲೆ ಮೈ ಬಂದರೆ ಬರಲಿ ಎಂದೆ. ಮುದುಕನನ್ನು ಮತ್ತೆ ಎಡಕ್ಕೆ ತಿರುಗಿಸಿ ಕೂರಿಸಿದೆ. ಅವನ ಮುಖ ಅಚ್ಚಿನಲ್ಲಿದ್ದಂತೆ ಬರಲಿಲ್ಲ. ಯಗಟಿಯ ಕಡೆಯವನ ಹಾಗೆ ಬಂತು.

ಅಳಿಯಂದಿರು ಬಂದು ನೋಡುವಾಗ ನಾನು ಬಾಗಿಲಾಚೆ ನಿಂತಿದ್ದೆ. ಬಹಳ ಹೊತ್ತು ಒಳಗೇ ಇದ್ದರು. ಹೊರಗೆ ಬಂದು, "ಇದನ್ನ ಸುತ್ತಿದ್ರೆ ಬಿರುಕು ಬಿಡಲ್ವಾ ಮಾವ?" ಎಂದು ಕೇಳಿದರು. ಬಣ್ಣದ ಮೈಯನ್ನು ಹೊರಗೆ ಮಾಡಿ ಸುತ್ತಿದರೆ ಬಿಡುವುದಿಲ್ಲ ಎಂದೆ. ಇಬ್ಬರೂ ಸೇರಿ ಹಾಗೇ ಸುತ್ತಿದೆವು.

ವಾರ್ಷಿಕೋತ್ಸವಕ್ಕೆ ಪ್ಯಾಸೆಂಜರ್ ಗಾಡಿಯಲ್ಲೇ ಒಯ್ದೆವು. ಹೆಂಡತಿ ಬಾಣಂತಿಯನ್ನು ತಂಗಿಗೆ ಒಪ್ಪಿಸಿ ಬಂದಿದ್ದಳು. ಬೀರೂರಿನಲ್ಲಿ ಹತ್ತಿದವರೆಲ್ಲ ಪರದೆ ಸುತ್ತಿದ ಬಿದಿರಿಗೆ ಹಣೆ ತಾಗಿಸಿಕೊಂಡು ನಮ್ಮನ್ನು ಶಪಿಸಿದರು. ಶಾಲೆಯ ಹಾಲಿನಲ್ಲಿ ಮೊದಲು ಅಣ್ಣತಮ್ಮಂದಿರ ಪರದೆ ಇಳಿಬಿಟ್ಟೆವು. ಚಪ್ಪಾಳೆ ಬಂತು. ಸೆಕ್ರೆಟರಿ ಸಾಹುಕಾರರು ಪಕ್ಕದವರ ಕಡೆ ಬಾಗಿ, ಹಿಂದೆ ಕಂಪನಿ ನಾಟಕದಲ್ಲಿ ನೋಡಿದ್ದ ದರ್ಬಾರಿನ ಹಾಗೇ ಇದೆ ಎಂದರು. ಅಳಿಯಂದಿರು ನೆಟ್ಟಗಿನ ಗೆರೆ, ಬಗ್ಗಿದ ಗೆರೆ ಎಲ್ಲವನ್ನೂ ಕೋಲಿನಲ್ಲಿ ತೋರಿಸಿ ಹೇಳಿದರು. ಸಾಹುಕಾರರು ತಲೆದೂಗಿದರು, ನಡುವೆ ಒಂದು ಸಲ ಆಕಳಿಸಿದರು.

ಆಮೇಲೆ ತೆಪ್ಪ ಇಳಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಹುಕಾರರು ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಂದು, ಸಾಸಿವೆಯಷ್ಟಿದ್ದ ಹಡಗನ್ನು ಹುಡುಕಿ ಬೆರಳಿಟ್ಟರು.

"ಮೇಷ್ಟ್ರೇ, ಈ ಹಡಗು ಇವ್ರನ್ನ ನೋಡ್ತೋ, ಇಲ್ವೋ?"

ಇದು ನಿಜವಾಗಿ ನಡೆದದ್ದು, ಮೊದಲು ನೋಡದೆ ಹೋಗಿತ್ತಂತೆ, ಆಮೇಲೆ ತಿರುಗಿ ಬಂತಂತೆ, ಆದರೆ ಚಿತ್ರ ಬರೆದವನು ಅದನ್ನು ಹೇಳದೆ ಇಲ್ಲಿಗೇ ನಿಲ್ಲಿಸಿದ್ದಾನೆ ಎಂದು ಅಳಿಯಂದಿರು ವಿವರಿಸಿದರು.

"ಅಲ್ಲಿಗಂಟ ಇವ್ರು ಹಿಂಗೇ ಇರಬೇಕು ಅನ್ನಿ." ಸಾಹುಕಾರರು ಎಡಗಡೆಗೆ ನಡೆದು ಮುದುಕನ ಮುಂದೆ ನಿಂತರು. ಮತ್ತೆ ಕೇಳಿದರು, "ಎಲ್ರೂ ಆ ಕಡೆ ಬಿದ್ದೂ ಬಿದ್ದೂ ನೋಡ್ತಾವ್ರೆ. ಈ ಯಜಮಾನ ಯಾಕೆ ತಿರುಗ್ಲಿಲ್ಲ?"

ಅಳಿಯಂದಿರು ನನ್ನ ಕಡೆ ನೋಡಿದರು. ಹೆಂಗಸರ ಸಾಲಿನಿಂದ ನನ್ನ ಹೆಂಡತಿಯ ದನಿ ಬಂತು.

"ಮಗ ಮಡಿಲಲ್ಲವ್ನಲ್ಲ ಸ್ವಾಮಿ. ಇನ್ನೆಲ್ಲಿಗೆ ತಿರುಗ್ತಾನೆ?"

ಅಲ್ಲಿಂದ ಮುಂದೆ ಭಾಷಣ ನಡೆಯಲೇ ಇಲ್ಲ. ಜನ ಎದ್ದೆದ್ದು ಬಂದು ಕೇಳಿದರು. ಅಣ್ಣತಮ್ಮಂದಿರ ಪರದೆಗೂ ತಿರುಗಿ ಹೋಗಿ, ಆಣೆ ಮಾಡಿ ಹೋದವರು ವಾಪಸು ಬಂದರೇ, ಆ ಹೆಂಗಸರಿಗೆ ಅದು ಮೊದಲೇ ಗೊತ್ತಿತ್ತೇ ಎಂದು ವಿಚಾರಿಸಿದರು. ಒಂದು ಪರದೆ ಹೇಗಿರಬೇಕು ಎಂದು ಹೇಳುತ್ತದೆ, ಇನ್ನೊಂದು ಹೇಗಾಗುತ್ತದೆ ಎಂದು ಹೇಳುತ್ತದೆ, ಎರಡೂ ಬೇಕು ಎಂದು ಅಳಿಯಂದಿರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಸಾಹುಕಾರರು ಹೋಗುವಾಗ, ಡ್ರಾಯಿಂಗ್ ಇರಲಿ ಬಿಡಿ ಎಂದರು. ಅಷ್ಟೇ ಮಾತು. ಅಳಿಯಂದಿರು ಇಂದಿಗೂ ಅದೇ ಶಾಲೆಯಲ್ಲಿದ್ದಾರೆ.

ಅಣ್ಣತಮ್ಮಂದಿರ ಪರದೆಯನ್ನು ಶಾಲೆಯವರು ಹಾಲಿಗೆ ಇಟ್ಟುಕೊಂಡರು. ತೆಪ್ಪದ್ದನ್ನು ಮಾತ್ರ, ಮಕ್ಕಳು ಓಡಾಡುವ ಜಾಗದಲ್ಲಿ ಹೆಣದ ಚಿತ್ರ ಬೇಡ ಎಂದು ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟರು. ಅದು ಈಗ ನಮ್ಮ ನಡುಮನೆಯ ಹಿಂಗೋಡೆಯ ಮೇಲಿದೆ. ಜಾಗ ಸಾಲದೆ ಎರಡು ಅಂಚಿನ ಕತ್ತಲ ನೀರನ್ನು ಮಡಚಿ ಮೊಳೆ ಹೊಡೆದಿದ್ದೇನೆ.

ಆ ಕಲ್ಲುಸಕ್ಕರೆಯ ಮಗು ಈಗ ಸ್ಲೇಟು ಹಿಡಿಯುವಷ್ಟಾಗಿದ್ದಾಳೆ. ರಜಕ್ಕೆಂದು ನಮ್ಮಲ್ಲಿಗೆ ಬಂದಿದ್ದಳು. ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನನ್ನ ಇದ್ದಿಲ ಕೋಲು ತೆಗೆದುಕೊಂಡು, ಎಡಗಡೆಯ ಗೋಡೆಯ ಮೇಲೆ ಒಂದು ಹಡಗು ಬರೆದಿದ್ದಾಳೆ. ಅವಳ ಕೈ ಎಟುಕಿದಷ್ಟೂ ದೊಡ್ಡದು. ಒಂದು ಗೆರೆಯೂ ನೆಟ್ಟಗಿಲ್ಲ. ನಾನು ಎದ್ದು ಬಂದು ನೋಡಿ, ಪರದೆಯ ಮೇಲೆ ಆಗಲೇ ಒಂದು ಹಡಗು ಇದೆಯಲ್ಲ ಪುಟ್ಟಿ, ಇದು ಯಾಕೆ ಎಂದು ಕೇಳಿದೆ. ಅವಳು ಕೈಯ ಮಸಿಯನ್ನು ಲಂಗಕ್ಕೆ ಒರೆಸಿಕೊಂಡಳು.

"ಅದು ಅವ್ರಿಗೆ, ಅಜ್ಜ. ಆ ತಾತ ಈ ಕಡೆ ನೋಡ್ತಾ ಕೂತವ್ನೆ ಅಲ್ವಾ? ಅವನಿಗೂ ಒಂದು ಬೇಕಲ್ಲ."

ನಾನು ಹೊರಗೆ ಹೋಗಿ, ಆ ಒಂದು ಗೋಡೆಗೆಂದು ಉಳಿದಿದ್ದ ಸುಣ್ಣದ ಮಡಕೆಯನ್ನು ಬೋರಲು ಹಾಕಿದೆ.